ಅಡುಗೆ ಯೋಜನೆಯ ಆ್ಯಪ್: ರೆಸಿಪಿ ಎಷ್ಟಿದೆ ಎಂದಲ್ಲ, ಸಾಮಾನಿನ ಪಟ್ಟಿ ಹೇಗೆ ಬರುತ್ತದೆ ನೋಡಿ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಐದು ಜನರ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಇಬ್ಬರು ಮಕ್ಕಳಿಗೆ ಬೆಳಿಗ್ಗೆ ಡಬ್ಬಿ ಕಟ್ಟಬೇಕು. ಅತ್ತೆಯವರಿಗೆ ಈರುಳ್ಳಿ, ಬೆಳ್ಳುಳ್ಳಿ ಆಗದು. ಏಕಾದಶಿ, ಚಾತುರ್ಮಾಸ್ಯ ಎರಡನ್ನೂ ಪಾಲಿಸುತ್ತಾರೆ. ವಾರದ ಅಡುಗೆಯನ್ನು ಮೊದಲೇ ಗೊತ್ತುಮಾಡಿಕೊಳ್ಳೋಣವೆಂದು ಎರಡು ಆ್ಯಪ್ ಹಾಕಿ ನೋಡಿದೆ. ಒಂದು ಕಿನ್ವಾ ಸಲಾಡ್ ಮಾಡಿ ಎನ್ನುತ್ತದೆ, ಇನ್ನೊಂದು ತೊಗರಿಬೇಳೆಯನ್ನು ಪಟ್ಟಿಯಲ್ಲಿ ಮೂರು ಕಡೆ ಬರೆಯುತ್ತದೆ. ಯಾವುದನ್ನು ಇಟ್ಟುಕೊಳ್ಳಲಿ? ದುಡ್ಡು ಕೊಡುವುದು ಸರಿಯೇ? ಕನ್ನಡದಲ್ಲೇ ಬರೆದುಕೊಳ್ಳಬಹುದೇ?

ಉತ್ತರ: ನಿಮ್ಮಂಥ ಮನೆಗೆ ತಾನಾಗಿ ಮೆನು ಹೇಳಿಕೊಡುವ ಆ್ಯಪ್ ಬೇಡ. ಏನು ಮಾಡಬೇಕೆಂಬುದು ನಿಮಗೆ ಗೊತ್ತೇ ಇದೆ. ದಿನವೂ ತಲೆ ತಿನ್ನುವುದು ಬೇರೆ ಎರಡು ವಿಷಯ: ನಾಳೆಯ ಅಡುಗೆಗೆ ಇವತ್ತು ಏನು ನೆನೆಹಾಕಬೇಕು, ಈ ವಾರ ಅಂಗಡಿಯಿಂದ ಏನು ಎಷ್ಟು ತರಬೇಕು. ಈ ಎರಡನ್ನು ಸರಿಯಾಗಿ ಮಾಡುವ ಆ್ಯಪ್‌ನಲ್ಲಿ ಒಂದೇ ಒಂದು ರೆಸಿಪಿ ಇಲ್ಲದಿದ್ದರೂ ಅದು ಒಳ್ಳೆಯದು. ಮಾಡದಿದ್ದರೆ ಲಕ್ಷ ರೆಸಿಪಿ ಇದ್ದೂ ಪ್ರಯೋಜನವಿಲ್ಲ.

ಸಿಗುವ ಆ್ಯಪ್‌ಗಳು ಸ್ಥೂಲವಾಗಿ ಮೂರು ಬಗೆ. ಮೆನುವನ್ನು ತಾವೇ ಹೇಳುವವು ಒಂದು ಬಗೆ. ಈಟ್ ದಿಸ್ ಮಚ್ ಕ್ಯಾಲೊರಿ ಲೆಕ್ಕ ಹಿಡಿದು ದಿನದ ಊಟ ಜೋಡಿಸುತ್ತದೆ, ಮೀಲೈಮ್ ತನ್ನದೇ ರೆಸಿಪಿಗಳಿಂದ ವಾರದ ಮೆನು ಕಟ್ಟುತ್ತದೆ. ಎರಡೂ ಪಾಶ್ಚಾತ್ಯ ಅಡುಗೆಮನೆಗೆಂದು ಕಟ್ಟಿದವು. ಇಂಥವುಗಳಲ್ಲಿ ‘ಸಸ್ಯಾಹಾರ’ ಎಂದು ಆರಿಸಿದರೂ ಮೊಟ್ಟೆ ಬರಬಹುದು, ಏಕೆಂದರೆ ಅಲ್ಲಿನ ವಿಂಗಡಣೆಯಲ್ಲಿ ಮೊಟ್ಟೆ ಸಸ್ಯಾಹಾರದೊಳಗೇ ಇದೆ. ಈರುಳ್ಳಿ, ಬೆಳ್ಳುಳ್ಳಿ ಬಿಡಿಸಲು ಕೆಲವರು ‘ಲೋ ಫಾಡ್‌ಮ್ಯಾಪ್’ ಪಥ್ಯವನ್ನು ಆರಿಸಿಕೊಳ್ಳುತ್ತಾರೆ. ಅದು ಹೊಟ್ಟೆಯ ತೊಂದರೆ ಇರುವವರ ಪಥ್ಯ. ಈರುಳ್ಳಿಯ ಜೊತೆಗೆ ನಮ್ಮ ಬೇಳೆಕಾಳುಗಳಲ್ಲಿ ಬಹುಪಾಲನ್ನೂ ಮಿತಿಗೊಳಿಸುತ್ತದೆ. ಹುಳಿಯೂ ಹೋಯಿತು, ಸಾರೂ ಹೋಯಿತು.

ನಿಮ್ಮ ರೆಸಿಪಿಯನ್ನು ನೀವೇ ತುಂಬಿಸಿ, ಕ್ಯಾಲೆಂಡರಿಗೆ ಎಳೆದು ಹಾಕಿ, ಅದರಿಂದ ಸಾಮಾನಿನ ಪಟ್ಟಿ ತೆಗೆಯುವವು ಎರಡನೆಯ ಬಗೆ. ಪ್ಯಾಪ್ರಿಕಾ, ಎನಿಲಿಸ್ಟ್, ಪ್ಲಾನ್ ಟು ಈಟ್, ಸ್ಯಾಮ್‌ಸಂಗ್ ಫುಡ್ ಈ ಗುಂಪಿನವು. ಮೂರನೆಯದು ಅಡುಗೆಗೆಂದೇ ಮಾಡದ ಸಾಮಾನ್ಯ ಸಲಕರಣೆಗಳು: ಗೂಗಲ್ ಶೀಟ್ಸ್, ಗೂಗಲ್ ಕ್ಯಾಲೆಂಡರ್, ಗೂಗಲ್ ಕೀಪ್. ನಿಮ್ಮ ಆಯ್ಕೆ ಈ ಎರಡು, ಮೂರನೆಯ ಬಗೆಗಳ ನಡುವೆಯೇ ಇರಲಿ. ತಿಂದದ್ದರ ಕ್ಯಾಲೊರಿ ಎಣಿಸುವ ಹೆಲ್ತಿಫೈಮಿಯಂಥ ಆ್ಯಪ್‌ಗಳ ಕೆಲಸವೇ ಬೇರೆ, ಅವನ್ನು ಇದಕ್ಕೆ ಬೆರೆಸಬೇಡಿ.

ಈಗ ಮುಖ್ಯ ವಿಷಯ, ನೆನೆಸುವುದು. ಸೋಮವಾರ ಬೆಳಿಗ್ಗೆ ದೋಸೆ ಎಂದರೆ ಆ್ಯಪ್‌ಗೆ ಅದು ಸೋಮವಾರದ ಕೆಲಸ. ನಮಗೆ ಅದು ಭಾನುವಾರದ ಕೆಲಸ. ಐದು ಜನಕ್ಕೆ ಎರಡು ಹೊತ್ತಿನ ದೋಸೆಗೆ 4 ಕಪ್ ಅಕ್ಕಿ, 1 ಕಪ್ ಉದ್ದಿನಬೇಳೆ, 1 ಟೀ ಚಮಚ ಮೆಂತ್ಯ ಬೇಕು. ನೆನೆಯಲು 5 ಗಂಟೆ ಹಿಡಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹಿಟ್ಟು 8 ಗಂಟೆಯಲ್ಲಿ ಉಬ್ಬಿದರೆ, ಮೈಸೂರಿನ ಡಿಸೆಂಬರ್ ಚಳಿಯಲ್ಲಿ 12ರಿಂದ 14 ಗಂಟೆ ಬೇಕಾಗುತ್ತದೆ. ಅಂದರೆ ಬೇಸಿಗೆಯಲ್ಲಿ ಮಧ್ಯಾಹ್ನ 4ಕ್ಕೆ ನೆನೆಹಾಕಿ ರಾತ್ರಿ 9ಕ್ಕೆ ರುಬ್ಬಿದರೂ ಆದೀತು. ಚಳಿಗಾಲದಲ್ಲಿ ಬೆಳಿಗ್ಗೆ 11ಕ್ಕೇ ನೆನೆಹಾಕಿ ಸಂಜೆ 5ರೊಳಗೆ ರುಬ್ಬಿಟ್ಟಿರಬೇಕು. ಮೊಳಕೆಕಾಳಿನ ಕೋಸಂಬರಿಗೆ ಹೆಸರುಕಾಳು ರಾತ್ರಿಯಿಡೀ ನೆಂದು, ಬಟ್ಟೆಯಲ್ಲಿ ಇನ್ನೊಂದು 10-12 ಗಂಟೆ ಇರಬೇಕು. ಬುಧವಾರ ಮಧ್ಯಾಹ್ನ ತಟ್ಟೆಗೆ ಬರಬೇಕಾದದ್ದಕ್ಕೆ ಸೋಮವಾರ ರಾತ್ರಿಯೇ ಕೈಹಚ್ಚಬೇಕು. ಹಿತಕಿದ ಅವರೆಬೇಳೆಯೂ ಹೀಗೆಯೇ: ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕೂತು ಹಿತುಕುವವರು ಯಾರೆಂಬುದೂ ಗೊತ್ತಾಗಬೇಕು.

ಬಹಳಷ್ಟು ಆ್ಯಪ್‌ಗಳಲ್ಲಿ ‘ತಯಾರಿಯ ಸಮಯ’ ಎಂಬ ಒಂದು ಖಾನೆ ಇದೆ, ಆದರೆ ಅಲ್ಲಿ ಬರೆದದ್ದು ಹಿಂದಿನ ದಿನಕ್ಕೆ ತಾನಾಗಿ ಹೋಗಿ ಕೂರುವುದಿಲ್ಲ. 14 ಗಂಟೆ ಎಂದು ಬರೆದರೂ ದೋಸೆ ಸೋಮವಾರದಲ್ಲೇ ಇರುತ್ತದೆ, ನೆನಪಿಸುವವರು ಯಾರೂ ಇರುವುದಿಲ್ಲ. ಹಾಗಾಗಿ ಆ್ಯಪ್‌ನಲ್ಲಿ ಮೊದಲು ನೋಡಬೇಕಾದದ್ದು ಇದು: ಕ್ಯಾಲೆಂಡರಿನ ಯಾವುದೇ ದಿನಕ್ಕೆ ರೆಸಿಪಿ ಅಲ್ಲದ ಒಂದು ಟಿಪ್ಪಣಿಯನ್ನು ಹಾಕಲು ಬಿಡುತ್ತದೆಯೇ? ಪ್ಯಾಪ್ರಿಕಾ, ಎನಿಲಿಸ್ಟ್, ಪ್ಲಾನ್ ಟು ಈಟ್ ಮೂರೂ ಬಿಡುತ್ತವೆ. ‘ಅಕ್ಕಿ, ಉದ್ದು ನೆನೆ’ ಎಂಬ ಸಾಲು ಭಾನುವಾರದಲ್ಲಿ ಕಾಣಿಸಬೇಕು. ಟಿಪ್ಪಣಿ ಕಂಡರಷ್ಟೇ ಸಾಲದು, 11 ಗಂಟೆಗೆ ಫೋನ್ ಸದ್ದು ಮಾಡಬೇಕು ಎನ್ನುವುದಾದರೆ ಆ ಕೆಲಸವನ್ನು ಗೂಗಲ್ ಕ್ಯಾಲೆಂಡರಿಗೆ ಬಿಡಿ. ಮನೆಯ ಹೆಸರಿನಲ್ಲಿ ಒಂದು ಪ್ರತ್ಯೇಕ ಕ್ಯಾಲೆಂಡರ್ ತೆರೆದು ಇಬ್ಬರ ಫೋನಿಗೂ ಹಂಚಿಕೊಂಡರೆ, ಆ ಹೊತ್ತಿಗೆ ಮನೆಯಲ್ಲಿ ಯಾರಿದ್ದಾರೋ ಅವರು ನೆನೆಹಾಕುತ್ತಾರೆ. ಹಂಚಿಕೊಂಡವರು ತಂತಮ್ಮ ಫೋನಿನಲ್ಲಿ ಆ ಕ್ಯಾಲೆಂಡರಿನ ಸೂಚನೆಯನ್ನು ಆನ್ ಮಾಡಿಕೊಂಡಿರಬೇಕು, ಅದು ತಾನಾಗಿ ಬರುತ್ತದೆ ಎಂದು ನಂಬಿ ಕೂರಬೇಡಿ.

ನಿಮ್ಮ ಪಟ್ಟಿಯಲ್ಲಿ ಬೇಳೆ ಮೂರು ಸಲ ಬಂದದ್ದಕ್ಕೆ ಎರಡು ಕಾರಣಗಳಿರಬಹುದು. ಎರಡನ್ನೂ ನೀವೇ ಸರಿಮಾಡಬಹುದು.

ಒಂದು, ಹೆಸರು. ಒಂದು ರೆಸಿಪಿಯಲ್ಲಿ ತೂರ್ ದಾಲ್, ಇನ್ನೊಂದರಲ್ಲಿ ಅರ್ಹರ್, ಮತ್ತೊಂದರಲ್ಲಿ ತೊಗರಿಬೇಳೆ. ನಮಗೆ ಮೂರೂ ಒಂದೇ ಡಬ್ಬದ ಬೇಳೆ, ಆ್ಯಪ್‌ಗೆ ಮೂರು ಬೇರೆ ಪದಾರ್ಥ. ಬದನೆಕಾಯಿಗೆ ಬ್ರಿಂಜಾಲ್, ಎಗ್‌ಪ್ಲಾಂಟ್, ಆಬರ್ಜೀನ್ ಎಂದು ಮೂರು ಹೆಸರು. ದಪ್ಪ ಮೆಣಸಿನಕಾಯಿ ಕೆಲವೆಡೆ ಕ್ಯಾಪ್ಸಿಕಮ್, ಕೆಲವೆಡೆ ಬೆಲ್ ಪೆಪ್ಪರ್. ಕೊತ್ತಂಬರಿ ಎಂದಷ್ಟೇ ಬರೆದರೆ ಬೀಜವೋ ಸೊಪ್ಪೋ ಎಂಬುದು ಅಂಗಡಿಯಲ್ಲಿ ನಿಂತಾಗ ತಿಳಿಯದು. ಕನ್ನಡದಲ್ಲಿ ಬರೆದರೂ ‘ಹೆಸರುಬೇಳೆ’ ಮತ್ತು ‘ಹೆಸರು ಬೇಳೆ’ ಎರಡು ಸಾಲಾಗುತ್ತವೆ, ನಡುವಿನ ಖಾಲಿ ಜಾಗವೇ ಸಾಕು. ಮೊದಲ ದಿನವೇ ಮನೆಯ 60-70 ಸಾಮಾನುಗಳಿಗೆ ಒಂದೊಂದೇ ಹೆಸರು ಗೊತ್ತುಮಾಡಿ, ಕಾಗದದಲ್ಲಿ ಬರೆದಿಟ್ಟು, ರೆಸಿಪಿ ತುಂಬುವಾಗ ಅದನ್ನು ಬಿಟ್ಟು ಬೇರೆ ಬಳಸಬೇಡಿ. ಒಂದು ಗಂಟೆಯ ಕೆಲಸ. ಇದನ್ನು ಮಾಡದವರಿಗೆ ಎಷ್ಟು ದುಬಾರಿ ಆ್ಯಪ್ ಕೊಂಡರೂ ಪಟ್ಟಿ ಸರಿಬರುವುದಿಲ್ಲ.

ಎರಡು, ರೆಸಿಪಿಯೊಳಗಿನ ರೆಸಿಪಿ. ದೋಸೆಯ ರೆಸಿಪಿಯಲ್ಲಿ ಅಕ್ಕಿ, ಉದ್ದು ಬರೆದು, ಅದನ್ನು ಸೋಮವಾರಕ್ಕೂ ಬುಧವಾರಕ್ಕೂ ಎಳೆದು ಹಾಕಿದರೆ ಪಟ್ಟಿಯಲ್ಲಿ 8 ಕಪ್ ಅಕ್ಕಿ ಬರುತ್ತದೆ. ನೀವು ರುಬ್ಬುವುದು ಒಂದೇ ಸಲ, ಬೇಕಾದದ್ದು 4 ಕಪ್. ಸಾರಿನ ಪುಡಿಯದೂ ಅದೇ ಕತೆ. ಪುಡಿಯ ಸಾಮಗ್ರಿಯನ್ನು ಸಾರಿನ ರೆಸಿಪಿಯಲ್ಲೇ ಬರೆದಿದ್ದರೆ ವಾರವಾರ ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ ಪಟ್ಟಿಗೆ ಬಂದು ಕೂರುತ್ತವೆ. ಇದಕ್ಕೆ ದಾರಿ ಒಂದೇ, ಬಿಡಿಸಿ ಬರೆಯುವುದು. ‘ದೋಸೆ ಹಿಟ್ಟು’ ಎಂಬುದೇ ಒಂದು ರೆಸಿಪಿ, ಅದನ್ನು ಭಾನುವಾರಕ್ಕೆ ಹಾಕಿ. ‘ದೋಸೆ’ ಎಂಬ ರೆಸಿಪಿಯಲ್ಲಿ ‘ಹಿಟ್ಟು, ಫ್ರಿಜ್‌ನಿಂದ’ ಎಂದಷ್ಟೇ ಇರಲಿ. ಮೂರನೆಯ ದಿನ ಹುಳಿ ಬಂದ ಹಿಟ್ಟಿಗೆ ಈರುಳ್ಳಿ ಹಾಕಿ ಪಡ್ಡು ಮಾಡುವವರು ‘ಪಡ್ಡು’ವಿಗೂ ಇದೇ ಸಾಲು ಬರೆಯಿರಿ. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಮೂರೂ ಪ್ರತ್ಯೇಕ ರೆಸಿಪಿಗಳು, ಡಬ್ಬ ಕಾಲು ಭಾಗಕ್ಕೆ ಇಳಿದಾಗ ಮಾತ್ರ ಕ್ಯಾಲೆಂಡರಿಗೆ ಬರಲಿ.

ತೆಂಗಿನಕಾಯಿಗೂ ಇದೇ ಲೆಕ್ಕ ಬೇಕು. ರೆಸಿಪಿಗಳು ‘ಅರ್ಧ ಕಪ್ ತುರಿ’ ಎನ್ನುತ್ತವೆ, ಅಂಗಡಿಯಲ್ಲಿ ಸಿಗುವುದು ಇಡೀ ಕಾಯಿ. ಮಧ್ಯಮ ಗಾತ್ರದ ಒಂದು ಕಾಯಿಗೆ ಸುಮಾರು 2 ಕಪ್ ತುರಿ ಬರುತ್ತದೆ. ಒಡೆದ ಹೋಳು ಫ್ರಿಜ್‌ನಲ್ಲಿ ಎರಡು ಮೂರು ದಿನ ಚೆನ್ನಾಗಿರುತ್ತದೆ. ಸೋಮವಾರದ ಚಟ್ನಿಗೆ ಒಡೆದದ್ದು ಮಂಗಳವಾರ ಪಲ್ಯಕ್ಕೆ, ಬುಧವಾರ ಮಜ್ಜಿಗೆಹುಳಿಗೆ ಮುಗಿಯುವಂತೆ ದಿನಗಳನ್ನು ಪಕ್ಕಪಕ್ಕ ಇಡಬೇಕು. ಇದನ್ನು ಯಾವ ಆ್ಯಪೂ ನೋಡಿಕೊಳ್ಳುವುದಿಲ್ಲ, ವಾರವನ್ನು ಜೋಡಿಸುವವರೇ ನೋಡಬೇಕು. ಆದರೆ ಇಡೀ ವಾರ ಒಂದೇ ಪರದೆಯಲ್ಲಿ ಕಾಣಿಸುವ ಆ್ಯಪ್ ಇದ್ದರೆ ನೋಡುವುದು ಸುಲಭ. ದಿನಕ್ಕೊಂದು ಪರದೆ ತೋರಿಸುವವನ್ನು ಆ ಒಂದೇ ಕಾರಣಕ್ಕೆ ಬಿಡಬಹುದು.

ಪಟ್ಟಿ ಬಂದ ಮೇಲೆ ಅದು ಹೇಗೆ ವಿಂಗಡವಾಗುತ್ತದೆ ನೋಡಿ. ಅಮೆರಿಕದ ಆ್ಯಪ್‌ಗಳು ಅಲ್ಲಿನ ಸೂಪರ್‌ಮಾರ್ಕೆಟ್ಟಿನ ಸಾಲುಗಳಂತೆ ಹಂಚುತ್ತವೆ: ಬೇಕರಿ, ಡಬ್ಬಿ ಪದಾರ್ಥ, ಶೀತಲೀಕರಿಸಿದ್ದು. ನಾವು ತರುವ ಕ್ರಮ ಬೇರೆ. ತಿಂಗಳ ದಿನಸಿ ಒಂದು ಸಲ, ತರಕಾರಿ ವಾರಕ್ಕೆ ಎರಡು ಸಲ, ಸೊಪ್ಪು ಆವತ್ತಿನದು ಆವತ್ತೇ, ಹಾಲು ದಿನವೂ. ವಿಂಗಡಣೆಯ ಹೆಸರುಗಳನ್ನು ಬದಲಿಸಿಕೊಳ್ಳಲು ಪ್ಯಾಪ್ರಿಕಾದಲ್ಲೂ ಎನಿಲಿಸ್ಟ್‌ನಲ್ಲೂ ಅವಕಾಶವಿದೆ. ‘ದಿನಸಿ’, ‘ತರಕಾರಿ’, ‘ಸೊಪ್ಪು’, ‘ಹಾಲು-ಮೊಸರು’, ‘ಪೂಜೆಗೆ’ ಎಂದು ಮಾಡಿಕೊಳ್ಳಿ. ತರಕಾರಿಯನ್ನು ಗ್ರಾಂನಲ್ಲಿ ಬರೆಯಿರಿ, ಸೊಪ್ಪನ್ನು ಕಟ್ಟಿನಲ್ಲಿ. ‘2 ಕಪ್ ಹೆಚ್ಚಿದ ದಂಟು’ ಎಂಬ ಸಾಲನ್ನು ಹಿಡಿದು ಸೊಪ್ಪಿನವರ ಮುಂದೆ ನಿಂತರೆ ಏನೂ ಗೊತ್ತಾಗದು.

ಅಳತೆಯಲ್ಲಿ ಇನ್ನೂ ಎರಡು ಎಡವಟ್ಟು. ರೆಸಿಪಿಗಳ ಕಪ್ಪು 240 ಮಿ.ಲೀ., ರೈಸ್ ಕುಕ್ಕರಿನ ಜೊತೆ ಬರುವ ಲೋಟ ಸಾಮಾನ್ಯವಾಗಿ 180 ಮಿ.ಲೀ. ಅದರಲ್ಲಿ ಅಳೆದವರಿಗೆ ಕಾಲು ಭಾಗ ಕಡಿಮೆ ಬೀಳುತ್ತದೆ. ಮನೆಯಲ್ಲಿ ಯಾವ ಲೋಟದಲ್ಲಿ ಅಳೆಯುತ್ತೀರೋ ಅದರಲ್ಲಿ ನೀರು ತುಂಬಿ ಒಮ್ಮೆ ಅಳೆದಿಟ್ಟುಕೊಳ್ಳಿ. ಇನ್ನೊಂದು, ನೆಂಟರು ಬಂದಾಗ ಐದು ಜನದ್ದನ್ನು ಹತ್ತಕ್ಕೆ ಏರಿಸುವ ಗುಂಡಿ. ಅದು ಎಲ್ಲವನ್ನೂ ಎರಡರಿಂದ ಗುಣಿಸುತ್ತದೆ. ಹುಳಿಗೆ ಬೇಳೆ, ತರಕಾರಿ ಇಮ್ಮಡಿ ಹಾಕುವುದು ಸರಿ. ಹುಣಸೆಹಣ್ಣು, ಖಾರ, ಉಪ್ಪು ಮೊದಲು ಒಂದೂವರೆ ಪಾಲು ಹಾಕಿ ರುಚಿ ನೋಡಬೇಕು, ಒಗ್ಗರಣೆಯ ಎಣ್ಣೆಯೂ ಅಷ್ಟೇ. ಕುದಿಯುವಾಗ ಆವಿಯಾಗುವ ನೀರು ಇಮ್ಮಡಿಯಾಗುವುದಿಲ್ಲವಾದ್ದರಿಂದ ನೀರನ್ನೂ ಕಡಿಮೆಯೇ ಹಾಕಬೇಕು. ಅಳತೆ ಏರಿಸುವ ಗುಂಡಿಯನ್ನು ಸಾಮಾನು ತರಲಿಕ್ಕೆ ಬಳಸಿ, ಒಲೆಯ ಮುಂದೆ ಬೇಡ.

ಅಡುಗೆಮನೆಯಲ್ಲಿರುವ ಎಲ್ಲ ಸಾಮಾನನ್ನೂ ಗ್ರಾಂ ಲೆಕ್ಕದಲ್ಲಿ ಆ್ಯಪ್‌ಗೆ ತುಂಬಿಸಿ, ಬಳಸಿದಂತೆಲ್ಲ ಕಳೆಯುತ್ತ ಹೋಗುವುದನ್ನು ಕೆಲವರು ಉತ್ಸಾಹದಿಂದ ಶುರುಮಾಡುತ್ತಾರೆ. ಬೇಡ. ಸಾಸಿವೆ ಎಷ್ಟು ಗ್ರಾಂ ಉಳಿದಿದೆ ಎಂದು ದಿನವೂ ಬರೆಯುವ ವ್ಯವಧಾನ ಯಾರಿಗೂ ಉಳಿಯುವುದಿಲ್ಲ. ಒಂದು ದಿನ ಬಿಟ್ಟರೆ ಲೆಕ್ಕವೆಲ್ಲ ಸುಳ್ಳು. ಉಪ್ಪು, ಎಣ್ಣೆ, ಸಾಸಿವೆ, ಅರಿಶಿನ, ಇಂಗುಗಳನ್ನು ರೆಸಿಪಿಯ ಸಾಮಗ್ರಿಯಲ್ಲಿ ಬರೆಯದೆ ಮಾಡುವ ವಿಧಾನದಲ್ಲಿ ಬರೆದರೆ ಅವು ಪಟ್ಟಿಗೆ ಬರುವುದೇ ಇಲ್ಲ. ಡಬ್ಬ ತಳ ಕಂಡಾಗ ನೇರ ಪಟ್ಟಿಗೆ ಸೇರಿಸಿದರಾಯಿತು.

ಕನ್ನಡದ ಪ್ರಶ್ನೆಗೆ ಬರೋಣ. ಬರೆಯಬಹುದು, ಅಕ್ಷರ ಸರಿಯಾಗಿಯೇ ಮೂಡುತ್ತದೆ. ತೊಡಕಿರುವುದು ಆ್ಯಪ್ ಅದನ್ನು ಓದಿಕೊಳ್ಳುವುದರಲ್ಲಿ. ‘1 ಕಪ್ ತೊಗರಿಬೇಳೆ’ ಎಂದು ಬರೆದರೆ 1 ಅಳತೆ, ಕಪ್ ಮಾನ, ಉಳಿದದ್ದು ಪದಾರ್ಥ ಎಂದು ಆ್ಯಪ್ ಬಿಡಿಸಿಕೊಳ್ಳಬೇಕು. ಇಂಗ್ಲಿಷ್ ಮಾನಗಳಿಗೆಂದು ಮಾಡಿದ ಆ್ಯಪ್ ಕನ್ನಡದ ‘ಕಪ್’ ಅನ್ನು ಪದಾರ್ಥದ ಹೆಸರಿಗೇ ಸೇರಿಸಿಬಿಡಬಹುದು. ಆಗ ‘ಕಪ್ ತೊಗರಿಬೇಳೆ’ ಒಂದು ಸಾಮಾನು, ‘ಗ್ರಾಂ ತೊಗರಿಬೇಳೆ’ ಇನ್ನೊಂದು. ಅಂಕಿಗಳನ್ನು ೧, ೨ ಎಂದು ಬರೆದರೆ ಗುಣಾಕಾರವೇ ನಿಲ್ಲಬಹುದು. ಅದಕ್ಕೇ ಅಂಕಿ 1, 2 ಎಂದೇ ಇರಲಿ, ಮಾನವನ್ನು ಆ್ಯಪ್ ಒಪ್ಪುವ ಇಂಗ್ಲಿಷ್ ಸಂಕ್ಷೇಪದಲ್ಲಿ ಬರೆದು ಪದಾರ್ಥವನ್ನು ಕನ್ನಡದಲ್ಲಿ ಬರೆಯಿರಿ. ‘ನಿಂಬೆಗಾತ್ರದ ಹುಣಸೆಹಣ್ಣು’ ಎಂಬಂಥ ಸಾಲನ್ನು ‘25 g ಹುಣಸೆಹಣ್ಣು’ ಎಂದು ತಿದ್ದಿಬಿಡಿ, ಇಲ್ಲದಿದ್ದರೆ ಪಟ್ಟಿಯಲ್ಲಿ ನಿಂಬೆಹಣ್ಣು ಕಾಣಿಸಿಕೊಂಡರೂ ಆಶ್ಚರ್ಯವಿಲ್ಲ.

ಅಂತರ್ಜಾಲದಿಂದ ರೆಸಿಪಿಯನ್ನು ಒಂದೇ ಒತ್ತಿಗೆ ಎಳೆದುಕೊಳ್ಳುವ ಸೌಲಭ್ಯಕ್ಕೆ ತೀರಾ ಮಾರುಹೋಗಬೇಡಿ. ಪುಟದ ಒಳಗೆ ಸಾಮಗ್ರಿ, ವಿಧಾನಗಳನ್ನು ಯಂತ್ರ ಓದುವ ‘ಸ್ಕೀಮಾ’ ಎಂಬ ರೂಪದಲ್ಲಿ ಗುರುತು ಮಾಡಿಟ್ಟಿದ್ದರೆ ಮಾತ್ರ ಅದು ಚೊಕ್ಕವಾಗಿ ಕೆಲಸ ಮಾಡುತ್ತದೆ. ನಮ್ಮ ಅಡುಗೆಯ ಬಹುಭಾಗ ಇರುವುದು ವಿಡಿಯೊಗಳಲ್ಲಿ ಮತ್ತು ಹಿರಿಯರ ಬಾಯಲ್ಲಿ. ಅದನ್ನು ಕೂತು ತುಂಬಬೇಕು. ನಿಮ್ಮ ಮನೆಯಲ್ಲಿ ಮತ್ತೆ ಮತ್ತೆ ಮಾಡುವ ಅಡುಗೆಗಳನ್ನು ಎಣಿಸಿ ನೋಡಿ, 40 ದಾಟುವುದು ಕಷ್ಟ. ಗೂಗಲ್‌ನ ಕೀಲಿಮಣೆ ಜಿಬೋರ್ಡ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ. ಅತ್ತೆಯವರು ಹೇಳುತ್ತ ಹೋದರೆ ಒಂದಕ್ಕೆ ಮೂರು ನಾಲ್ಕು ನಿಮಿಷ ಸಾಕು.

ವ್ರತದ ದಿನಗಳ ವಿಚಾರದಲ್ಲಿ ಆ್ಯಪ್‌ನ ‘ಪ್ರತಿ ವಾರ’, ‘ಪ್ರತಿ ತಿಂಗಳು’ ಎಂಬ ಪುನರಾವರ್ತನೆ ಕೆಲಸಕ್ಕೆ ಬಾರದು, ಏಕಾದಶಿ ತಿಥಿಯ ಲೆಕ್ಕದ್ದು. ಸ್ಮಾರ್ತ, ವೈಷ್ಣವ ಏಕಾದಶಿಗಳು ಕೆಲವೊಮ್ಮೆ ಬೇರೆ ಬೇರೆ ದಿನ ಬರುವುದರಿಂದ ಸಿದ್ಧ ಕ್ಯಾಲೆಂಡರನ್ನೂ ಪೂರ್ತಿ ನಂಬಬೇಡಿ. ಯುಗಾದಿಯ ಹೊತ್ತಿಗೆ ನಿಮ್ಮ ಮಠದ ಪಂಚಾಂಗ ನೋಡಿ ವರ್ಷದ 24 ದಿನಗಳನ್ನು ಕೈಯಾರೆ ತುಂಬಿಬಿಡಿ, ಅಧಿಕಮಾಸ ಬಂದ ವರ್ಷ 26. ಮರುದಿನದ ದ್ವಾದಶಿ ಪಾರಣೆ ಬೆಳ್ಳಂಬೆಳಿಗ್ಗೆ ಆಗಬೇಕಾದ್ದರಿಂದ ತಿಂಡಿ, ಊಟ, ರಾತ್ರಿಯೂಟ ಎಂಬ ಮೂರು ಖಾನೆ ಸಾಲದು. ‘ಡಬ್ಬಿ’, ‘ಪಾರಣೆ’ ಎಂದು ನಿಮ್ಮದೇ ಖಾನೆ ಸೇರಿಸಲು ಬಿಡುವ ಆ್ಯಪ್ ಬೇಕು.

ಚಾತುರ್ಮಾಸ್ಯಕ್ಕೆ ಇನ್ನೊಂದು ಸೌಲಭ್ಯ ಹುಡುಕಿ: ಒಂದು ವಾರದ ಮೆನುವನ್ನು ಹೆಸರು ಕೊಟ್ಟು ಉಳಿಸಿ, ಬೇಕಾದಾಗ ಹಾಗೆಯೇ ಇಳಿಸಿಕೊಳ್ಳುವುದು. ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ಬೇಳೆಕಾಳು ಬಿಡುವ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಕ್ಕೆ ಒಂದೊಂದು ಮೆನು ಉಳಿಸಿಟ್ಟರೆ ಪ್ರತಿ ವರ್ಷ ತಲೆಕೆಡಿಸಿಕೊಳ್ಳಬೇಕಿಲ್ಲ. ದ್ವಿದಳದ ತಿಂಗಳಲ್ಲಿ ಬೇಳೆಯೇ ಇಲ್ಲ, ಅಂದರೆ ಹುಳಿ, ಇಡ್ಲಿ, ದೋಸೆ ಎಲ್ಲವೂ ಅತ್ತೆಯವರ ಪಾಲಿಗೆ ಹೊರಗೆ. ಆಗ ಒಂದೇ ದಿನ ಎರಡು ಅಡುಗೆ ಬೇಕಾಗುತ್ತದೆ, ಒಂದು ಖಾನೆಗೆ ಎರಡು ರೆಸಿಪಿ ಹಾಕಲು ಬರುತ್ತದೆಯೇ ನೋಡಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆಗಳಿಗೆ ‘ಮಡಿ’ ಎಂದೋ ‘ಅತ್ತೆ’ ಎಂದೋ ಒಂದು ಗುರುತು ಹಚ್ಚಿದರೆ ಹುಡುಕುವುದು ಸುಲಭ. ಯಾವ ಸಿದ್ಧ ಶೋಧಕವೂ ಇಷ್ಟು ಸರಿಯಾಗಿ ಕೆಲಸ ಮಾಡದು.

ಹಾಗಾದರೆ ಯಾವುದು? ಮೊದಲ ನಾಲ್ಕು ವಾರ ದುಡ್ಡು ಕೊಡಬೇಡಿ. ಗೂಗಲ್ ಶೀಟ್ಸ್‌ನಲ್ಲಿ ಏಳು ಸಾಲು, ನಾಲ್ಕು ಖಾನೆಗಳ ಒಂದು ವಾರ ಮಾಡಿ. ಬಲಗಡೆ ‘ಇಂದು ನೆನೆಹಾಕುವುದು’ ಎಂಬ ಐದನೆಯ ಖಾನೆ ಇರಲಿ. ಸಾಮಾನಿನ ಪಟ್ಟಿಯನ್ನು ಗೂಗಲ್ ಕೀಪ್‌ನಲ್ಲಿ ಹಂಚಿಕೊಳ್ಳಿ: ಒಬ್ಬರು ಗುರುತು ಹಾಕಿದ್ದು ಇನ್ನೊಬ್ಬರ ಫೋನಿನಲ್ಲಿ ಕಾಣುತ್ತದೆ, ತಿಂಗಳ ದಿನಸಿ ಮುಗಿದ ಮೇಲೆ ಎಲ್ಲ ಗುರುತನ್ನೂ ಒಟ್ಟಿಗೆ ತೆಗೆದು ಅದೇ ಪಟ್ಟಿಯನ್ನು ಮತ್ತೆ ಬಳಸಬಹುದು. ಶೀಟನ್ನು ಮುದ್ರಿಸಿ ಫ್ರಿಜ್‌ಗೆ ಅಂಟಿಸಿದರೆ ಫೋನ್ ಮುಟ್ಟದ ಅತ್ತೆಯವರಿಗೂ ನಾಳೆ ಏನೆಂದು ತಿಳಿಯುತ್ತದೆ. ಎಷ್ಟೋ ಮನೆಗಳಿಗೆ ಇಷ್ಟೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಲ್ಕು ವಾರ ಬಿಡದೆ ನಡೆಸಿದ ಮೇಲೂ ಸಾಮಾನಿನ ಮೊತ್ತ ಕೂಡಿಸುವುದು ಬೇಸರವೆನಿಸಿದರೆ ಆಗ ಆ್ಯಪ್ ಕೊಳ್ಳಿ. ನಿಮಗೆ ನಾನು ಹೇಳುವುದು ಪ್ಯಾಪ್ರಿಕಾ. ಒಂದು ಸಲ ಕೊಂಡರೆ ಆಯಿತು, ತಿಂಗಳ ಚಂದಾ ಇಲ್ಲ, ನೆಟ್ ಇಲ್ಲದಾಗಲೂ ತೆರೆಯುತ್ತದೆ, ಮೆನು ಉಳಿಸಿಡಬಹುದು. ಆದರೆ ಆಂಡ್ರಾಯ್ಡ್, ಐಫೋನ್, ವಿಂಡೋಸ್‌ಗಳಿಗೆ ಬೇರೆ ಬೇರೆಯಾಗಿ ಕೊಳ್ಳಬೇಕು, ಮನೆಯವರೆಲ್ಲ ಒಂದೇ ಖಾತೆಯಲ್ಲಿ ಲಾಗಿನ್ ಆಗಬೇಕು. ಅವರವರ ಖಾತೆಯಿಂದಲೇ ಪಟ್ಟಿ ಹಂಚಿಕೊಳ್ಳುವುದು ಮುಖ್ಯವಾದರೆ ಎನಿಲಿಸ್ಟ್ ಚೆನ್ನ, ಪಟ್ಟಿ ಹಂಚಿಕೆ ಉಚಿತ, ಊಟದ ಕ್ಯಾಲೆಂಡರಿಗೆ ವಾರ್ಷಿಕ ಚಂದಾ. ಪ್ಲಾನ್ ಟು ಈಟ್ ಚಂದಾದ್ದೇ. ಸ್ಯಾಮ್‌ಸಂಗ್ ಫುಡ್‌ನ ಮೂಲ ಸೌಲಭ್ಯಗಳು ಉಚಿತ, ಬೇರೆ ಕಂಪನಿಯ ಫೋನಿನಲ್ಲೂ ನಡೆಯುತ್ತದೆ. ಆದರೆ ಹೊಸ ರೆಸಿಪಿಗಳನ್ನು ಎದುರಿಗೆ ತಂದು ಹಿಡಿಯುವುದು ಹೆಚ್ಚು.

ಉಚಿತ ಅವಧಿಗೆಂದು ಚಂದಾ ಒಪ್ಪಿದ್ದರೆ, ಫೋನಿನಿಂದ ಆ್ಯಪ್ ತೆಗೆದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಪಾವತಿ ಮತ್ತು ಚಂದಾದಾರಿಕೆಯೊಳಗೆ ಹೋಗಿ ಅಲ್ಲೇ ರದ್ದು ಮಾಡಬೇಕು.

ಕೊಳ್ಳುವ ಮೊದಲು ಒಂದು ಸಂಜೆ ಈ ಪರೀಕ್ಷೆ ಮಾಡಿ. ಹುಳಿ, ದೋಸೆ ಹಿಟ್ಟು, ಏಕಾದಶಿಯ ಒಂದು ಫಲಾಹಾರ, ಹೀಗೆ ಮೂರು ರೆಸಿಪಿ ತುಂಬಿ. ಹುಳಿಯನ್ನು ಎರಡು ದಿನಕ್ಕೆ ಹಾಕಿ ಪಟ್ಟಿ ತೆಗೆಯಿರಿ: ತೊಗರಿಬೇಳೆ ಒಂದೇ ಸಾಲಿನಲ್ಲಿ ಕೂಡಿ ಬರಬೇಕು. ‘ಬೇಳೆ’ ಎಂದು ಹುಡುಕಿ, ಹುಳಿ ಸಿಗಬೇಕು. ಎರಡು ಫೋನುಗಳಲ್ಲಿ ಪಟ್ಟಿ ತೆರೆದು, ಒಂದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಎರಡು ಗುರುತು ಮಾಡಿ. ಮತ್ತೆ ನೆಟ್ ಬಂದಾಗ ಆ ಗುರುತುಗಳು ಇನ್ನೊಂದರಲ್ಲೂ ಮೂಡಬೇಕು. ಅಂಗಡಿಯ ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗದಿದ್ದಾಗ ಆಗುವುದು ಇದೇ.

ಕೊನೆಯದಾಗಿ ಆ ಮೂರು ರೆಸಿಪಿಗಳನ್ನು ಹೊರಗೆ ತೆಗೆದು ನೋಡಿ. ಯಮ್ಲಿ ಎಂಬ ದೊಡ್ಡ ಹೆಸರಿನ ರೆಸಿಪಿ ಆ್ಯಪ್ 2024ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅಲ್ಲಿ ಕೂಡಿಟ್ಟಿದ್ದನ್ನು ಬೇರೆಡೆಗೆ ಸಾಗಿಸಿಕೊಳ್ಳದವರ ಸಂಗ್ರಹ ಅದರೊಂದಿಗೇ ಹೋಯಿತು. ಹೊರತೆಗೆದ ಫೈಲು ಸಿಎಸ್‌ವಿ (ಅಲ್ಪವಿರಾಮಗಳಿಂದ ಬಿಡಿಸಿದ ಸಾದಾ ಪಟ್ಟಿ) ರೂಪದಲ್ಲಿದ್ದು, ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಅಕ್ಷರಗಳ ಬದಲು ಚಿತ್ರವಿಚಿತ್ರ ಗುರುತುಗಳು ಕಂಡರೆ ಫೈಲು ಕೆಟ್ಟಿದೆ ಎಂದುಕೊಳ್ಳಬೇಡಿ. ಎಲ್ಲ ಲಿಪಿಗಳನ್ನೂ ಬರೆದಿಡುವ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಅದಿದೆ ಎಂದು ಎಕ್ಸೆಲ್ ಗುರುತಿಸಿರುವುದಿಲ್ಲ, ಅಷ್ಟೇ. ಅದೇ ಫೈಲನ್ನು ಗೂಗಲ್ ಶೀಟ್ಸ್‌ಗೆ ಏರಿಸಿ ತೆರೆಯಿರಿ. ಅಲ್ಲಿಯೂ ಕನ್ನಡ ಸರಿಯಾಗಿ ಕಾಣದಿದ್ದರೆ ಆ ಆ್ಯಪ್ ಕೊಳ್ಳಬೇಡಿ.